ಖಾಲಿ ಸ್ಲಾಟಿಗೆ ಕತ್ತರಿಸಿದ ಬಿಳಿ ಪಟ್ಟಿ

ಬೆಳಿಗ್ಗೆ ಗಣಕಯಂತ್ರದ ಗುಂಡಿ ಒತ್ತಿ, ಪರದೆ ಬೆಳಗುವುದು ತುಸು ತಡವಾದರೂ "ಹಾಳು ಯಂತ್ರ" ಎಂದು ಬೈಯುವ ಓದುಗ ಮಹಾಶಯರೇ, ತಪ್ಪು ಯಂತ್ರದ್ದೇ ಎಂದು ನಿಮಗೆ ಹೇಳಿದವರು ಯಾರು? ವಿಚಾರಣೆ ಯಾವಾಗ ನಡೆಯಿತು? ಸಾಕ್ಷಿ ನುಡಿದವರಾರು? ಬಾಯಿಲ್ಲದ ವಸ್ತುವಿನ ತಲೆಗೆ ತಪ್ಪು ಕಟ್ಟಿ ನಿರಾಳವಾಗುವುದು ನಮಗೆಲ್ಲ ಎಷ್ಟು ರೂಢಿಯಾಗಿದೆಯೆಂದರೆ, ಅದು ಅನ್ಯಾಯವೆಂಬ ಅರಿವೂ ಉಳಿದಿಲ್ಲ. ಬಾಯಿಲ್ಲದ ಪ್ರತಿ ವಸ್ತುವಿನ ಹಿಂದೆ ಅದನ್ನು ಮಾಡಿದ ಕೈಯೊಂದಿರುತ್ತದೆ ಎಂಬುದನ್ನಂತೂ ನಾವು ನೆನೆಯುವುದೇ ಇಲ್ಲ.

ಈ ರೂಢಿಗೆ ಎದುರಾಗಿ ಮೂವತ್ತಮೂರು ವರ್ಷ ನಿಂತವರು, ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನಲ್‌ನೊಳಗೆ ಬಸ್ ವಿಭಾಗವನ್ನು ಕಟ್ಟಿ ಬೆಳೆಸಿದವರು, ನಾವೆಲ್ಲ 'ಗೇಣಕ್ಕ' ಎಂದು ಕರೆಯುವ ಹಿರಿಯರು, ಈ ತಿಂಗಳು ನಿವೃತ್ತರಾಗಿದ್ದಾರೆ. ಇಲ್ಲಿ ಬಸ್ ಎಂದರೆ ಜನ ಹತ್ತುವ ವಾಹನವಲ್ಲ; ಡಿಸ್ಕು, ಜಾಲ, ಮುದ್ರಕ ಮುಂತಾದವುಗಳ ಕಾರ್ಡುಗಳು ಯಂತ್ರದೊಡನೆ ಮಾತಾಡುವ ತಂತಿಗಳ ಹಾದಿ. ಯಂತ್ರ ಕಣ್ಣು ಬಿಡುವಾಗ ಪ್ರತಿಯೊಂದು ಕಾರ್ಡೂ, ಯಂತ್ರ ತನ್ನನ್ನು ಹುಡುಕಿ ಮಾತಾಡಿಸಲು ಇಷ್ಟು ವಿಳಾಸಗಳ ಜಾಗ ಬೇಕೆಂದು ತಿಳಿಸುತ್ತದೆ. ಕರ್ನಲ್ ಅದನ್ನು ಅಳೆದು ಹಂಚುತ್ತದೆ. ನಾಲ್ಕಾರು ಕಾರ್ಡುಗಳು ಒಂದು ಸೇತುವೆಯ ಹಿಂದೆ ಕುಳಿತಿದ್ದರೆ ಅವಷ್ಟಕ್ಕೂ ಸೇರಿ ಸೇತುವೆಯಲ್ಲಿ ಒಂದೇ ಕಿಟಕಿ. ಎಲ್ಲರೂ ಅದರೊಳಗೇ ಹಿಡಿಯಬೇಕು. ಈ ಹಂಚಿಕೆ ಸರಿಯಾಗಿ ನಡೆದಾಗ ಯಾರಿಗೂ ಅದರ ಸುಳಿವೇ ಇರುವುದಿಲ್ಲ. ಸುಳಿವಿಲ್ಲದ ಕೆಲಸಕ್ಕೆ ಹೊಗಳಿಕೆಯೂ ಇರುವುದಿಲ್ಲ. ಗೇಣಕ್ಕನವರು ಇಂಥ ಕೆಲಸವನ್ನೇ ಆರಿಸಿಕೊಂಡರು.

ಅವರ ತಂದೆ ದರ್ಜಿ. ಹಾಸಿದ ಬಟ್ಟೆಯ ಮೇಲೆ ಮೊದಲು ಬೆನ್ನಿನ ತುಂಡು, ಆಮೇಲೆ ಎದೆಯ ತುಂಡು, ಅದರ ಮೇಲೆ ತೋಳು, ಉಳಿದ ಸಂದಿಗೊಂದಿಗಳಲ್ಲಿ ಕಾಲರು, ಜೇಬು ಎಂದು ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುವ ಕ್ರಮವನ್ನು ಮಗಳು ಆ ಮೇಜಿನ ಪಕ್ಕದಲ್ಲಿ ನಿಂತೇ ಕಲಿತಳು. ಮುಂದೆ ಮೂರು ವರ್ಷ ಶಾಲೆಯಲ್ಲಿ ಗಣಿತ ಕಲಿಸಿ, ನಮ್ಮ ವಿಭಾಗಕ್ಕೆ ಬಂದ ಮೊದಲ ದಿನ, ಗೋಡೆಯ ಮೇಲಿದ್ದ ವಿಳಾಸಗಳ ನಕ್ಷೆಯನ್ನು ಹೆಬ್ಬೆರಳಿನಿಂದ ಕಿರುಬೆರಳಿನವರೆಗೆ ಕೈ ಚಾಚಿ ಅಳೆದು, "ಇಲ್ಲಿ ಎರಡು ಗೇಣು ವ್ಯರ್ಥ ಹೋಗಿದೆಯಲ್ಲ, ಯಾಕೆ?" ಎಂದು ಕೇಳಿದರಂತೆ. ಹೆಸರು ಅಂದೇ ನಿಂತಿತು.

ಕಲಿಯಲು ಬಂದವರಿಗೆ ಅವರು ಮೊದಲು ಕೊಡುತ್ತಿದ್ದುದು ಗ್ರಾಫ್ ಹಾಳೆ, ಕತ್ತರಿ ಮತ್ತು ಬಣ್ಣದ ಪೆನ್ಸಿಲು. ಯಂತ್ರದಲ್ಲಿರುವ ಒಂದೊಂದು ಕಾರ್ಡಿಗೂ ಅದು ಕೇಳಿದಷ್ಟು ಚೌಕಗಳ ಪಟ್ಟಿಯೊಂದನ್ನು ಕತ್ತರಿಸಿ, ಬಣ್ಣ ಹಚ್ಚಿ, ರಟ್ಟಿನ ಚೌಕಟ್ಟಿನೊಳಗೆ ಕೈಯಾರೆ ಜೋಡಿಸಬೇಕು. ಆ ಚೌಕಟ್ಟೇ ಸೇತುವೆಯ ಕಿಟಕಿ. ಪಟ್ಟಿಗಳೆಲ್ಲ ಒಂದು ಚಪ್ಪಲಿ ಡಬ್ಬಿಯಲ್ಲಿರುತ್ತಿದ್ದವು. ಯಾವುದೇ ಕಾರ್ಡನ್ನು 'ಮೊಂಡರ ಪಟ್ಟಿ'ಗೆ ಸೇರಿಸಬೇಕಾದರೆ, ಎಂದರೆ "ಈ ಸಾಧನದ ನಡತೆ ಸರಿಯಿಲ್ಲ, ಇದನ್ನು ಬೇರೆಯಾಗಿ ನೋಡಿಕೊಳ್ಳಿ" ಎಂಬ ಸಾಲನ್ನು ಕರ್ನಲ್‌ನೊಳಗೆ ಬರೆಯಬೇಕಾದರೆ, ಮೊದಲು ಡಬ್ಬಿ ತೆರೆದು ಪಟ್ಟಿ ಜೋಡಿಸಿ ತೋರಿಸಬೇಕೆಂಬುದು ಅವರು ಮಾಡಿದ ಕಟ್ಟಳೆ. ಬೇರೆಡೆ ಇಂಥ ಮೊಂಡರ ಪಟ್ಟಿಗಳು ಗುಡಿಸಿದ ಕಸದ ಹಾಗೆ ಬೆಳೆಯುತ್ತವೆ. ಯಾರು ಯಾರನ್ನು ಏಕೆ ದೂರಿದರೆಂದು ಕೇಳುವವರೇ ಇಲ್ಲ. ಗೇಣಕ್ಕನವರ ವಿಭಾಗದಲ್ಲಿ ಮೂವತ್ತಮೂರು ವರ್ಷಗಳಲ್ಲಿ ಸೇರಿದ್ದು ಒಂಬತ್ತೇ ಸಾಲು.

ಮನುಷ್ಯರ ವಿಷಯದಲ್ಲೂ ಅವರದು ಅದೇ ಕಟ್ಟಳೆ. ಪರೀಕ್ಷಾಕೋಣೆಯ ಯಂತ್ರವೊಂದು ದಿನವೂ ಬೆಳಿಗ್ಗೆ ಏಳುವುದಿಲ್ಲವೆಂದು, ಗುಡಿಸುವಾಕೆ ತಂತಿ ಕೀಳುತ್ತಾಳೆಂದು ಎಲ್ಲರೂ ಮಾತಾಡಿಕೊಂಡಾಗ, ಇವರು ಒಂದು ವಾರ ಆಕೆಗಿಂತ ಮುಂಚೆ ಬಂದು ಕುಳಿತು ನೋಡಿದರು. ಆಕೆ ತಂತಿಯ ತಂಟೆಗೇ ಹೋಗುತ್ತಿರಲಿಲ್ಲ. ಚಳಿಗೆ ಡಿಸ್ಕು ತಿರುಗಲು ಅರ್ಧ ನಿಮಿಷ ಹೆಚ್ಚು ಹಿಡಿಯುತ್ತಿತ್ತು, ಅಷ್ಟೆ. ದೂರಿದವರೆಲ್ಲ ಆಕೆಯೆದುರು ಹೋಗಿ ತಪ್ಪಾಯಿತೆಂದು ಹೇಳುವವರೆಗೆ ಗೇಣಕ್ಕನವರು ಚಹಾ ಕುಡಿಯಲಿಲ್ಲ. ಎಲ್ಲದಕ್ಕೂ ಅವಸರಪಡುವ ಕಾರಣ 'ಆತುರಪ್ಪ' ಎಂದು ಹೆಸರಾದ ಸಹೋದ್ಯೋಗಿ ಕೆಲಸಕ್ಕೆ ಸೇರಿದ ವರ್ಷ ನಲವತ್ತು ಯಂತ್ರಗಳನ್ನು ಒಂದೇ ತಿದ್ದುಪಡಿಯಿಂದ ಮಲಗಿಸಿದಾಗ, ಗೇಣಕ್ಕನವರು ಸಭೆಯಲ್ಲಿ ಎದ್ದು ನಿಂತು, "ಬರೆದವರು ಅವರು. ಓದಿ ಒಪ್ಪಿದವಳು ನಾನು. ಮೊದಲು ನನ್ನನ್ನು ಕೇಳಿ" ಎಂದರು. ಆತುರಪ್ಪನವರಿಗೆ ಇಂದು ನಲವತ್ತರ ಹತ್ತಿರ. ಆ ಮಾತು ನೆನೆದರೆ ಈಗಲೂ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾರೆ.

ಇಂಥವರ ಸೇವೆ ಹೊಗಳಿಕೆಗಳ ನಡುವೆ ಸುಖವಾಗಿ ಮುಗಿಯಬೇಕಿತ್ತು. ನಿವೃತ್ತಿಗೆ ಹದಿನೆಂಟು ದಿನ ಉಳಿದಿರುವಾಗ ಒಂದು ಪತ್ರ ಬಂತು.

ಬರೆದವರು ಬ್ರೈಲ್ ಮುದ್ರಣಾಲಯವೊಂದರ ಕರಡು ತಿದ್ದುವವರು. ಸ್ವತಃ ಕಣ್ಣು ಕಾಣದವರು. ಅಂಧ ಮಕ್ಕಳ ಪಠ್ಯಪುಸ್ತಕಗಳನ್ನು ಅಚ್ಚು ಹಾಕುವ ಅವರ ಮುದ್ರಕ ಪ್ರತಿ ಸಾಲಿಗೂ ಉಸಿರು ಕಟ್ಟಿದವರಂತೆ ನಿಂತು ನಿಂತು ಓಡುತ್ತದೆ, ಮಕ್ಕಳಿಗೆ ಪುಸ್ತಕ ವರ್ಷದ ನಡುವೆ ಸಿಗುತ್ತದೆ, ಎಂದು ತೋಡಿಕೊಂಡ ಮೇಲೆ ಅವರು ಒಂದು ವಿಚಿತ್ರವನ್ನು ಹೇಳಿದ್ದರು. "ಯಂತ್ರದಲ್ಲಿ ಮುದ್ರಕದ ಕಾರ್ಡಿನ ಪಕ್ಕದ ಸ್ಲಾಟು ಖಾಲಿಯಿದೆ. ಅದರಲ್ಲಿ ಯಾವುದಾದರೂ ಹಳೆಯ ಸಣ್ಣ ಕಾರ್ಡನ್ನು ಸಿಕ್ಕಿಸಿಟ್ಟರೆ ನನ್ನ ಮುದ್ರಕ ಒಂದೇ ಸಮನೆ ಓಡುತ್ತದೆ. ಕಿತ್ತರೆ ಮತ್ತೆ ಏದುಸಿರು. ನನ್ನ ಕಿವಿಗೆ ಇದು ಸ್ಪಷ್ಟ, ಬೇರೆಯವರು ನಗುತ್ತಾರೆ."

ಗೇಣಕ್ಕನವರು ನಗಲಿಲ್ಲ. ಪತ್ರದಲ್ಲಿ ಮುದ್ರಕದ ಕಾರ್ಡಿನ ಹೆಸರು ಕಂಡೊಡನೆ ಅವರ ಮುಖ ಬಿಳಿಚಿಕೊಂಡಿತು. ಮೊಂಡರ ಪಟ್ಟಿಯ ಆರನೆಯ ಸಾಲು ಅದು. ಹನ್ನೊಂದು ವರ್ಷದ ಹಿಂದೆ ಬರೆದವರು ಅವರೇ. "ಈ ಕಾರ್ಡು ಹೇಳುವ ಅಳತೆ ನಂಬಲರ್ಹವಲ್ಲ. ಎಲ್ಲರಿಗೂ ಹಂಚಿದ ಮೇಲೆ ಉಳಿದರೆ ಮಾತ್ರ ಇದಕ್ಕೆ ಜಾಗ ಕೊಡಿ." ಜಾಗ ಸಿಗದಾಗ ಕಾರ್ಡು ಅಕ್ಷರಕ್ಕೊಮ್ಮೆ ಯಂತ್ರದ ಅಪ್ಪಣೆ ಕೇಳುವ ಹಳೆಯ ನಿಧಾನದ ದಾರಿ ಹಿಡಿಯುತ್ತಿತ್ತು, ಆ ಕಾರ್ಡಿದ್ದ ಲೋಕದ ಪ್ರತಿ ಯಂತ್ರವೂ ಪ್ರತಿ ಬೆಳಿಗ್ಗೆ ಕಣ್ಣು ಬಿಡುವಾಗ, 'ನಂಬಲರ್ಹವಲ್ಲ' ಎಂಬ ಮಾತನ್ನು ಪರದೆಯ ಮೇಲೆ ಸಾರುತ್ತಿತ್ತು.

ಚಪ್ಪಲಿ ಡಬ್ಬಿ ಮೇಜಿಗೆ ಬಂತು. ಆತುರಪ್ಪನವರು ಪಕ್ಕದಲ್ಲಿ ನಿಂತರು. ಚೌಕಟ್ಟಿನಲ್ಲಿ ಹದಿನಾರು ಚೌಕ. ಡಿಸ್ಕಿನ ಕಾರ್ಡಿಗೆ ಎಂಟು, ಜಾಲದ ಕಾರ್ಡಿಗೆ ನಾಲ್ಕು, ಬ್ರೈಲ್ ಕಾರ್ಡಿನ ಹಸಿರು ಪಟ್ಟಿಗೆ ಎರಡು. ಪಟ್ಟಿಗಳು ಚೌಕಟ್ಟಿನೊಳಗೆ ಒಪ್ಪವಾಗಿ ಕೂತು, ಇನ್ನೂ ಎರಡು ಚೌಕ ಉಳಿದವು.

"ಹಿಡೀತಲ್ಲ ಅಕ್ಕಾ," ಎಂದರು ಆತುರಪ್ಪನವರು.

"ಹಿಡೀತು. ಅಂದೂ ಹಿಡೀಬೇಕಿತ್ತು. ಯಂತ್ರದಲ್ಲಿ ಹಿಡೀಲಿಲ್ಲ. ಈ ಕಾರ್ಡು ತೆಗೆದ ತಕ್ಷಣ ಎಲ್ಲ ಸರಿಹೋಯ್ತು. ಹಾಗಾಗಿ ಇದೇ ಸುಳ್ಳು ಹೇಳ್ತಿದೆ ಅಂತ ತೀರ್ಮಾನ ಮಾಡ್ದೆ."

"ಅವತ್ತು ಪಟ್ಟಿ ಜೋಡಿಸಿ ನೋಡಿದ್ರಾ?"

ಪ್ರಶ್ನೆ ಕೇಳಿದ ಮೇಲೆ ಆತುರಪ್ಪನವರಿಗೇ ನಾಲಿಗೆ ಕಚ್ಚಿಕೊಳ್ಳುವಂತಾಯಿತು. ಗೇಣಕ್ಕನವರು ಹಸಿರು ಪಟ್ಟಿಯ ಅಂಚನ್ನು ಬೆರಳಿನಿಂದ ನೇರ ಮಾಡುತ್ತ ಹೇಳಿದರು: "ಇಲ್ಲ ಕಣಪ್ಪ. ಪಟ್ಟಿ ಕಲಿಯೋರಿಗೆ, ನನಗ್ಯಾಕೆ ಅಂದ್ಕೊಂಡೆ."

ಅಲ್ಲಿಗೆ ಅವರು ನಿಲ್ಲಲಿಲ್ಲ. ಖಾಲಿ ಸ್ಲಾಟಿಗೆ ಸಿಕ್ಕಿಸಿದ ಹಳೆಯ ಕಾರ್ಡಿನ ಎರಡು ಚೌಕದ ಪಟ್ಟಿಯನ್ನೂ ಇಟ್ಟರು. ಚೌಕಟ್ಟು ಭರ್ತಿಯಾಯಿತು, ಮುದ್ರಕ ಓಡುವುದು ಹೀಗಿದ್ದಾಗ. ಕಾರ್ಡು ಹೆಚ್ಚಾದರೆ ಜಾಗ ಸಾಲುತ್ತದೆ, ಕಡಿಮೆಯಾದರೆ ಸಾಲುವುದಿಲ್ಲ, ಇದೆಂಥ ನ್ಯಾಯ? ಬಹಳ ಹೊತ್ತು ಆ ಪಟ್ಟಿಯನ್ನು ಎತ್ತುತ್ತ ಇಡುತ್ತ ಕುಳಿತ ಗೇಣಕ್ಕನವರು ಇದ್ದಕ್ಕಿದ್ದಂತೆ ಕತ್ತರಿ ತೆಗೆದುಕೊಂಡು, ಬಣ್ಣ ಹಚ್ಚದ ಹಾಳೆಯಿಂದ ನಾಲ್ಕು ಚೌಕದ ಬಿಳಿ ಪಟ್ಟಿಯೊಂದನ್ನು ಕತ್ತರಿಸಿದರು. ಅದು ಖಾಲಿ ಸ್ಲಾಟಿನ ಪಟ್ಟಿ. ಅಷ್ಟು ವರ್ಷಗಳಲ್ಲಿ ಯಾರೂ ಖಾಲಿ ಸ್ಲಾಟಿಗೆ ಪಟ್ಟಿ ಕತ್ತರಿಸಿರಲಿಲ್ಲ. ಇಲ್ಲದ ಕಾರ್ಡಿಗೆ ಪಟ್ಟಿ ಏಕೆ?

ಆದರೆ ಮುಂದೆಂದಾದರೂ ಅಲ್ಲಿ ಕಾರ್ಡು ಬಂದರೆ ಇರಲೆಂದು, ಖಾಲಿ ಸ್ಲಾಟಿಗೂ ನಾಲ್ಕು ಚೌಕ ಕಾದಿರಿಸುವ ಕ್ರಮವನ್ನು ಕರ್ನಲ್‌ಗೆ ಸೇರಿಸಿದವರು ಇದೇ ಗೇಣಕ್ಕನವರು. ಮೊಂಡರ ಪಟ್ಟಿಯ ಆ ಸಾಲಿಗಿಂತ ಎರಡು ತಿಂಗಳು ಮೊದಲು. ದೊಡ್ಡದರಿಂದ ಚಿಕ್ಕದಕ್ಕೆ ಎಂಬ ದರ್ಜಿಯ ಕ್ರಮದಲ್ಲಿ ಎಂಟಾಯಿತು, ನಾಲ್ಕಾಯಿತು, ಬಿಳಿಯ ನಾಲ್ಕೂ ಆಯಿತು. ಹದಿನಾರು ತುಂಬಿತು. ಎರಡು ಚೌಕದ ಹಸಿರು ಪಟ್ಟಿ ಚೌಕಟ್ಟಿನ ಹೊರಗೆ ಉಳಿಯಿತು. ಬಾರದವರಿಗೆ ಕುರ್ಚಿ ಹಾಕಿ, ಬಂದು ನಿಂತವರನ್ನು ಬಾಗಿಲಾಚೆ ನಿಲ್ಲಿಸಿ, ಮೇಲಿಂದ ಅವರನ್ನೇ ಸುಳ್ಳರೆಂದು ಸಾರಿದ ಹಾಗಾಗಿತ್ತು.

ಆ ಸಂಜೆ ಮನೆಯಲ್ಲಿ ಅವರು ತಟ್ಟೆ ಮುಂದಿಟ್ಟುಕೊಂಡು ಉಣ್ಣದೆ ಕುಳಿತಿದ್ದರು. ಔಷಧಿ ಅಂಗಡಿ ನಡೆಸುವ ಪತಿಗೆ ವಿಷಯ ತಿಳಿಯಿತು.

"ಮೂವತ್ತಮೂರು ವರ್ಷ ಊರಿಗೆಲ್ಲ ಬುದ್ಧಿ ಹೇಳ್ದೆ ರೀ. ಈಗ ಯಾವ ಮುಖ ಇಟ್ಕೊಂಡು ಸನ್ಮಾನ ಮಾಡಿಸ್ಕೊಳ್ಳಲಿ?"

"ಇರೋದೊಂದೇ ಮುಖ ಕಣೇ, ಅದನ್ನೇ ಇಟ್ಕೊಂಡು ಹೋಗು," ಎಂದರು ಪತಿ. "ಹನ್ನೊಂದು ವರ್ಷ ಒಬ್ಬರಿಗೆ ತಪ್ಪು ಔಷಧಿ ಕೊಟ್ಟಿದ್ದೀನಿ ಅಂತ ಗೊತ್ತಾದ್ರೆ ನಾನು ಕದ ಹಾಕ್ಕೊಂಡು ಕೂತ್ಕೋತೀನಾ? ಅವರ ಮನೆ ಹುಡುಕ್ಕೊಂಡು ಓಡ್ತೀನಿ. ಮೊದಲು ಊಟ ಮಾಡು, ಓಡೋಕ್ಕೆ ಶಕ್ತಿ ಬೇಕಲ್ಲ."

ಮರುದಿನ ವಿಭಾಗದ ಮುಖ್ಯಸ್ಥರ ಕೋಣೆಯಲ್ಲಿ ನಡೆದದ್ದನ್ನು ಇಲ್ಲಿ ದಾಖಲಿಸದಿದ್ದರೆ ಈ ಲೇಖನ ಮುಖಸ್ತುತಿಯಾದೀತು. ಮುಖ್ಯಸ್ಥರು ಕೆಟ್ಟವರಲ್ಲ; ಕೆಟ್ಟವರಲ್ಲದವರು ಹೇಳುವ ಮಾತನ್ನೇ ಹೇಳಿದರು.

"ಅಕ್ಕಾ, ಇನ್ನು ಹನ್ನೊಂದು ದಿನಕ್ಕೆ ಹೊಸ ಆವೃತ್ತಿ ಹೊರಗೆ ಹೋಗ್ಬೇಕು. ಹಂಚಿಕೆಯ ಬುಡಕ್ಕೇ ಈಗ ಕೈ ಹಾಕೋದಾ? ನೀವು ಭಾಷಣ ಕೇಳಿ, ಫೋಟೋ ತೆಗೆಸ್ಕೊಂಡು ನೆಮ್ಮದಿಯಾಗಿ ಹೊರಡಿ. ಮುಂದಿನ ಆವೃತ್ತೀಲಿ ನಾವು ಸರಿಮಾಡ್ತೀವಿ. 'ಹಳೆಯ ದೋಷ ನಿವಾರಿಸಲಾಗಿದೆ' ಅಂತ ಒಂದು ಸಾಲು ಹಾಕಿದ್ರೆ ಆಯ್ತು."

"ಯಾರ ದೋಷ?"

"ಅದೆಲ್ಲ ಯಾಕೆ ಮೈಮೇಲೆ ಎಳ್ಕೋತೀರಿ?"

"ಸುಳ್ಳು ಅಂತ ಬರೆಯುವಾಗ ಕಾರ್ಡಿನ ಹೆಸರು ಹಾಕಿದ್ದೆ. ನಿಜ ಬರೆಯುವಾಗ ನನ್ನ ಹೆಸರು ಹಾಕೋಕ್ಕೆ ನಾಚಿಕೆಯಾ?"

'ನಿವಾರಿಸಲಾಗಿದೆ'! ಕರ್ತೃವಿಲ್ಲದ ಈ ಕ್ರಿಯಾಪದದ ಹಿಂದೆ ನಮ್ಮ ಕಚೇರಿಗಳಲ್ಲಿ ಎಷ್ಟು ಜನ ಅಡಗಿ ಕುಳಿತಿದ್ದಾರೆ! ಕೊನೆಗೆ ಮುಖ್ಯಸ್ಥರು ಒಂದು ಷರತ್ತು ಹಾಕಿದರು. ಪರೀಕ್ಷಾಕೋಣೆಯ ನಲವತ್ತೂ ಯಂತ್ರಗಳಲ್ಲಿ, ಕಾರ್ಡುಗಳನ್ನು ಸಾಧ್ಯವಿರುವಷ್ಟು ಬಗೆಯಲ್ಲಿ ಅದಲುಬದಲು ಮಾಡಿ, ಒಂದೂ ತಪ್ಪದೆ ಎದ್ದರೆ ಒಪ್ಪಿಗೆ. ಒಂದು ಮುಗ್ಗರಿಸಿದರೂ ಮುಂದಿನ ಆವೃತ್ತಿ. ಅಷ್ಟರಲ್ಲಿ ಗೇಣಕ್ಕನವರು ಮನೆಯಲ್ಲಿರುತ್ತಾರೆ, ಆ ಅನಾಮಧೇಯ ಸಾಲು ಕರ್ನಲ್‌ನಲ್ಲಿರುತ್ತದೆ.

ಒಪ್ಪಿಗೆ ಸಿಗುವ ಮೊದಲೇ ಗೇಣಕ್ಕನವರು ಕಾರ್ಡು ತಯಾರಿಸಿದವರಿಗೆ ಫೋನು ಮಾಡಿದರು. ಗೆಲ್ಲುವ ಭರವಸೆಯಿದ್ದಾಗ ಮಾತ್ರ ಕ್ಷಮೆ ಕೇಳುವುದು ಅವರ ಜಾಯಮಾನವಲ್ಲ. ಅತ್ತ ಎತ್ತಿದ್ದು ವಯಸ್ಸಾದ ದನಿ.

"ಯಾರಮ್ಮಾ?"

"ನಿಮ್ಮ ಕಾರ್ಡನ್ನ ನಂಬಬೇಡಿ ಅಂತ ಬರೆದವಳು."

"ಓ, ನೀವಾ! ಬೆಳಿಗ್ಗೆ ಎದ್ರೆ ದೇವರಿಗಿಂತ ಮೊದಲು ನಿಮ್ಮ ಮಾತೇ ನೋಡೋದು ನಾನು, ಪರದೆ ಮೇಲೆ," ಎಂದು ಆ ಹಿರಿಯರು ನಕ್ಕರು. ನಗುತ್ತಲೇ ಅವರು ಹೇಳಿದ ಸಂಗತಿ ಮಾತ್ರ ಗೇಣಕ್ಕನವರ ಕಣ್ಣು ತುಂಬಿಸಿತು. ತಮ್ಮ ಕಾರ್ಡು ಅತಿಯಾಗಿ ಕೇಳುತ್ತಿರಬಹುದೆಂದು ಅಂಜಿ, ಅವರು ಮಗಳೊಡನೆ ಎರಡು ವರ್ಷ ಕೂತು ಅದನ್ನು ಹೊಸದಾಗಿ ರೂಪಿಸಿ, ಎರಡು ಚೌಕದ ಬೇಡಿಕೆಯನ್ನು ಒಂದಕ್ಕೆ ಇಳಿಸಿದ್ದರು. ಆದರೂ ಪರದೆಯ ಮಾತು ಬದಲಾಗಲಿಲ್ಲ. ಹೇಗೆ ಬದಲಾದೀತು? ಬೇಡಿಕೆ ತಗ್ಗಿಸಿದಷ್ಟೂ ಆ ಕಾರ್ಡು ಸಾಲಿನ ಕೊನೆಕೊನೆಗೇ ಹೋಗುತ್ತಿತ್ತು. ತಗ್ಗಿ ನಡೆದವರಿಗೆ ನಾವು ಕಟ್ಟಿದ ವ್ಯವಸ್ಥೆಗಳು ಕೊಡುವ ಬಹುಮಾನ ಇದೇ ತಾನೆ!

"ತಪ್ಪು ನಿಮ್ಮದಲ್ಲ ಸರ್. ನನ್ನದು," ಎಂದರು ಗೇಣಕ್ಕನವರು.

"ಅದನ್ನ ಫೋನಲ್ಲಿ ಹೇಳಿದ್ರೆ ನನ್ನ ಮಗಳು ನಂಬಲ್ಲ ತಾಯಿ. ಪರದೆ ಮೇಲೆ ಹೇಳಿ."

ತಿದ್ದುಪಡಿ ಚಿಕ್ಕದು: ಮೊದಲ ಸುತ್ತಿನಲ್ಲಿ ಬಂದು ಕುಳಿತ ಕಾರ್ಡುಗಳಿಗೆಲ್ಲ ಜಾಗ, ಎರಡನೆಯ ಸುತ್ತಿನಲ್ಲಿ, ಉಳಿದಿದ್ದರೆ, ಖಾಲಿ ಸ್ಲಾಟಿಗೆ. ಬರೆದದ್ದು ಒಂದೇ ದಿನ, ಪರೀಕ್ಷಿಸಿದ್ದು ಒಂಬತ್ತು ದಿನ. ಆ ಒಂಬತ್ತು ದಿನ ನಮ್ಮ ಪರೀಕ್ಷಾಕೋಣೆ ಮದುವೆ ಮನೆಯಾಗಿತ್ತು. ಬೇರೆ ವಿಭಾಗದವರು ಕೂಡ ಕಾರ್ಡು ಹೊತ್ತು ತಂದರು, ಗುಡಿಸುವಾಕೆ ಎದ್ದ ಯಂತ್ರಗಳ ಎಣಿಕೆಯನ್ನು ಬಾಗಿಲ ಮೇಲೆ ಸೀಮೆಸುಣ್ಣದಿಂದ ಗೀಚಿದರು, ಮುಖ್ಯಸ್ಥರೂ ಅಂಗಿಯ ತೋಳು ಮಡಚಿ ತಿರುಪು ಬಿಚ್ಚಲು ಕುಳಿತರು. ಮೂವತ್ತೇಳನೆಯ ಯಂತ್ರ ಏಳಲಿಲ್ಲ.

ಕೋಣೆ ತಣ್ಣಗಾಯಿತು. ಯಂತ್ರದ ಲಾಗ್ ದಾಖಲೆ ಓದಲು ಹೋದ ಆತುರಪ್ಪನವರು ಮೇಜಿನ ಕೆಳಗೆ ಬಗ್ಗಿ, ಬಗ್ಗಿದಲ್ಲಿಂದಲೇ ಕೂಗಿದರು: "ಅಕ್ಕಾ, ಇದಕ್ಕೆ ಕರೆಂಟೇ ಕೊಟ್ಟಿಲ್ಲ!"

"ಕೊಡಬೇಕಾದವರು ಯಾರು?" ಎಂದರು ಮುಖ್ಯಸ್ಥರು.

"ನಾನೇ ಸರ್. ತಪ್ಪು ನನ್ನದು." ಕೋಣೆಯೆಲ್ಲ ಗೊಳ್ಳೆಂದು ನಕ್ಕಿತು. ನಲವತ್ತೂ ಎದ್ದವು.

ಬೀಳ್ಕೊಡುಗೆಯ ದಿನ ವೇದಿಕೆಯ ಮೇಜಿನ ಮೇಲೆ ಬ್ರೈಲ್ ಮುದ್ರಕವೊಂದನ್ನು ಇಡಲಾಗಿತ್ತು. ತಪ್ಪಾಯಿತು, ಇಟ್ಟವರು ಆತುರಪ್ಪನವರು. ಮುಂದಿನ ಸಾಲಿನಲ್ಲಿ ಕಾರ್ಡು ಮಾಡಿದ ಹಿರಿಯರು, ಅವರ ಮಗಳು, ಪಕ್ಕದಲ್ಲಿ ಕರಡು ತಿದ್ದುವವರು. ಗೇಣಕ್ಕನವರು ಭಾಷಣ ಮಾಡಲೊಪ್ಪದೆ, ಹೊಸ ಆವೃತ್ತಿ ಹಾಕಿದ ಯಂತ್ರದ ಗುಂಡಿ ಒತ್ತಿದರು. ಪರದೆಯ ಮೇಲೆ ಸಾಲುಗಳು ಸರಿದವು. ಹಿರಿಯರು ಎದ್ದು ಹತ್ತಿರ ಬಂದು, ಮೂಗು ತಾಗುವಷ್ಟು ಬಗ್ಗಿ ನೋಡಿದರು. ಹನ್ನೊಂದು ವರ್ಷ ಬೆಳಿಗ್ಗೆ ಬೆಳಿಗ್ಗೆ ಕಂಡ ಮಾತು ಅಲ್ಲಿರಲಿಲ್ಲ.

"ಪಕ್ಕದ ಸ್ಲಾಟು?" ಎಂದರು.

"ಖಾಲಿ ಸರ್. ಕೈ ಹಾಕಿ ನೋಡಿ ಬೇಕಾದ್ರೆ."

ಅವರು ನಿಜಕ್ಕೂ ಕೈ ಹಾಕಿ ನೋಡಿದರು. ಮುದ್ರಕ ಆರಂಭವಾಯಿತು, ಎಲ್ಲಿಯೂ ತಡೆಯದೆ, ಮಳೆ ಹಿಡಿದ ಹಾಗೆ, ಒಂದೇ ಸಮನೆ. ಕರಡು ತಿದ್ದುವವರು ತಲೆ ವಾಲಿಸಿ ಆಲಿಸಿ, "ಹಾಂ, ಈಗ ಉಸಿರು ಸರಾಗ ಬಂತು," ಎಂದು ಮಗುವಿನಂತೆ ಚಪ್ಪಾಳೆ ತಟ್ಟಿದರು. ಹೊರಬಂದ ಹಾಳೆಯನ್ನು ಅವರ ಕೈಗೆ ಕೊಟ್ಟಾಗ, ಬೆರಳಾಡಿಸುತ್ತ ಗಟ್ಟಿಯಾಗಿ ಓದಿದರು. ಅದು ಕರ್ನಲ್‌ನ ದಾಖಲೆಗೆ ಆ ತಿದ್ದುಪಡಿಯೊಡನೆ ಸೇರಿದ ಟಿಪ್ಪಣಿ. ಬರೆದವರ ಪೂರ್ತಿ ಹೆಸರಿನೊಂದಿಗೆ ಲೋಕದ ಯಾರಾದರೂ ಓದಬಹುದಾದದ್ದು.

"ಮೊಂಡರ ಪಟ್ಟಿಯ ಆರನೆಯ ಸಾಲನ್ನು ಹಿಂತೆಗೆದುಕೊಳ್ಳುತ್ತಿದ್ದೇನೆ. ಈ ಕಾರ್ಡು ತನ್ನ ಅಳತೆಯನ್ನು ಮೊದಲ ದಿನದಿಂದಲೂ ಸರಿಯಾಗಿ ಹೇಳಿದೆ. ಅಳೆಯದೆ ದೂರಿದವಳು ನಾನು."

ಹಿರಿಯರ ಮಗಳು ಆ ಹಾಳೆಯನ್ನು ಕೇಳಿ ಪಡೆದು, ಮಡಚದೆ, ಎರಡು ಪುಸ್ತಕಗಳ ನಡುವೆ ಇಟ್ಟುಕೊಂಡರು. ಹಿರಿಯರು ಗೇಣಕ್ಕನವರಿಗೆ ಹೇಳಿದ್ದು ಇಷ್ಟೆ: "ನಾಳೆಯಿಂದ ಬಿಡುವಲ್ವಾ ತಾಯಿ? ನಮ್ಮ ಕಾರ್ಖಾನೆಗೆ ಬನ್ನಿ. ಹೊಸ ಕಾರ್ಡು ಮಾಡ್ತಿದ್ದೀವಿ, ಅಳೆಯೋರು ಬೇಕು." ಗೇಣಕ್ಕನವರು ಚಪ್ಪಲಿ ಡಬ್ಬಿಯನ್ನು ಆತುರಪ್ಪನವರಿಗೆ ಒಪ್ಪಿಸಿ, ಬಿಳಿ ಪಟ್ಟಿಯೊಂದನ್ನು ಮಾತ್ರ ತಮ್ಮ ಕೈಚೀಲಕ್ಕೆ ಹಾಕಿಕೊಂಡು ಹೊರಟರು. ಈಗ ವಾರಕ್ಕೆರಡು ದಿನ ಅಲ್ಲಿಗೆ ಹೋಗುತ್ತಿದ್ದಾರೆಂದು ತಿಳಿದು ಸಂತೋಷವಾಗಿದೆ. ಅವರ ಕಣ್ಣು, ಕೈ, ಕತ್ತರಿ ಇನ್ನೂ ಬಹುಕಾಲ ಚೂಪಾಗಿಯೇ ಇರಲಿ. ಕತ್ತರಿಸಲು ಗ್ರಾಫ್ ಹಾಳೆಗಳು ತೀರಿದಷ್ಟೂ ಒದಗುತ್ತಿರಲಿ. ದೂರುವ ಮೊದಲು ಅಳೆಯುವ ಶಿಷ್ಯರು ಅವರಿಗೆ ಇನ್ನೂ ಒಂದು ತಲೆಮಾರು ದೊರೆಯಲಿ.

ಓದುಗ ಮಹಾಶಯರೇ, ಈ ಅಭಿನಂದನ ಸಂಪುಟವನ್ನು ಕಪಾಟಿನಲ್ಲಿಟ್ಟು ಮರೆಯುವ ಮುನ್ನ ಒಂದು ಕೆಲಸ ಮಾಡಿ. ನಿಮ್ಮ ಮನಸ್ಸಿನಲ್ಲೂ ಮೊಂಡರ ಪಟ್ಟಿಯೊಂದಿದೆ, ಇಲ್ಲವೆನ್ನಬೇಡಿ. ವರ್ಷಗಳ ಹಿಂದೆ ನೀವು ಅಳೆಯದೆ ಬರೆದ ಒಂದು ಹೆಸರು ಅದರಲ್ಲಿ ಇದ್ದೇ ಇರುತ್ತದೆ. ಆ ಹೆಸರಿನ ಪಟ್ಟಿಯನ್ನು ಇಂದಾದರೂ ಕತ್ತರಿಸಿ ಜೋಡಿಸಿ ನೋಡಿ. ಹಿಡಿದರೆ, ಅವರಿಗೆ ಫೋನು ಮಾಡಿ, ನಿಮ್ಮ ಹೆಸರನ್ನು ಮೊದಲು ಹೇಳಿ.